ಲೆಫ್ಟ್ ಹಾಫ್ ಆಡಬೇಕಿದ್ದ ಅತ್ತಿಗೆ

ಇದನ್ನು ಬರೆಯಬೇಕೆಂದು ಕುಳಿತದ್ದು ಇದು ನಾಲ್ಕನೆಯ ಸಲ. ಮೊದಲ ಮೂರು ಸಲವೂ ಹೊಳೆಯ ಬಗ್ಗೆ, ಲಾಂಚಿನ ಬಗ್ಗೆ, ಆಗಿನ ರಸ್ತೆಗಳ ಬಗ್ಗೆ ಬರೆದು, ಹೇಳಬೇಕಾದದ್ದು ಹತ್ತಿರ ಬರುತ್ತಿದ್ದಂತೆ ಹಾಳೆ ಮಡಚಿಟ್ಟೆ. ಈಗ ಎಂಬತ್ತು ದಾಟಿದೆ. ಇನ್ನೂ ಮಡಚಿಡುತ್ತಾ ಹೋದರೆ ಇದು ನನ್ನ ಜೊತೆಗೇ ಹೋಗುತ್ತದೆ. ಆದ್ದರಿಂದ ಈ ಸಲ ಹೊಳೆಯಿಂದಲ್ಲ, ಅತ್ತಿಗೆಯ ಕಾಲಿನಿಂದ ಶುರುಮಾಡುತ್ತೇನೆ.

ಅತ್ತಿಗೆಯ ಎಡಗಾಲಿನಲ್ಲಿ, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ, ಮುಂದಿನ ಎಲುಬಿನ ಮೇಲೆ ಒಂದು ತಗ್ಗು ಇತ್ತು. ಹುಣಸೆ ಬೀಜ ಇಟ್ಟರೆ ಸರಿಯಾಗಿ ಕೂರುವಷ್ಟು. ಬಾವಿಕಟ್ಟೆಯಲ್ಲಿ ಸೀರೆ ಎತ್ತಿ ಕಟ್ಟಿ ಬಟ್ಟೆ ಒಗೆಯುವಾಗ ಅದು ಕಾಣುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರವೇ ಅಮ್ಮನ ಕಣ್ಣಿಗೆ ಬಿತ್ತು.

“ಎಂತದೇ ಅದು, ನಾಯಿ ಕಚ್ಚಿದ್ದ?”

“ಇಲ್ರಿ ಅತ್ತಿ. ಹಾಕಿ ಆಡುಮುಂದ ಗೆಳತಿ ಹೊಡದದ್ದು.”

“ಗೆಳತಿಯೇ ಹಿಂಗೆ ಹೊಡದ್ರೆ, ಆಗದವ್ರು ಹೆಂಗೆ ಹೊಡಿತ್ರೇ ನಿಮ್ಮೂರಲ್ಲಿ?”

ಅತ್ತಿಗೆ ನಕ್ಕರು. ಹೊಸ ಸೊಸೆ ಅಷ್ಟು ಜೋರಾಗಿ ನಗುವುದನ್ನು ನಮ್ಮ ಕೇರಿಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮ ಕೊಡಪಾನ ಎತ್ತಿಕೊಂಡು ಒಳಗೆ ಹೋದಳು.

ಐವತ್ತರ ದಶಕದ ಕೊನೆಯ ಮಾತು. ಹೊನ್ನಾವರ ಪೇಟೆ ಶರಾವತಿಯ ಆಚೆ ದಂಡೆ, ನಮ್ಮ ಕಾಸರಕೋಡು ಈಚೆ ದಂಡೆ. ನನ್ನ ಅಣ್ಣ ಹುಬ್ಬಳ್ಳಿಯಲ್ಲಿ ಕಂಪೌಂಡರ್ ಕೆಲಸ ಕಲಿಯುತ್ತಿದ್ದಾಗ ಕೂಡಿಬಂದ ಸಂಬಂಧ ಅದು. ಅತ್ತಿಗೆಯ ತಂದೆ ರೈಲ್ವೆಯಲ್ಲಿ ಫಿಟ್ಟರ್. ರೈಲ್ವೆಯವರ ಮೈದಾನದಲ್ಲಿ ಅಣ್ಣಂದಿರ ಹಿಂದೆ ಓಡಿ ಓಡಿ ಹಾಕಿ ಕಲಿತವರು ಅತ್ತಿಗೆ. ಮನೆ ತುಂಬಿಸಿಕೊಳ್ಳುವ ದಿನ ಟ್ರಂಕಿನ ಜೊತೆ ಹಳೆ ಪಂಚೆಯಲ್ಲಿ ಸುತ್ತಿದ ಉದ್ದನೆಯ ವಸ್ತು ಒಂದಿತ್ತು. ಹೆಂಗಸರೆಲ್ಲ ಅದನ್ನು ಕೊಡೆ ಎಂದುಕೊಂಡರು. ಬಿಚ್ಚಿ ನೋಡಿದಾಗ ತುದಿ ಬಾಗಿದ ಕೋಲು. ಅಮ್ಮ ಅದಕ್ಕೆ ‘ಬಡಿಗೆ’ ಎಂದೇ ಹೆಸರಿಟ್ಟಳು, ಕೊನೆಯವರೆಗೂ ಬೇರೆ ಹೆಸರು ಹೇಳಲಿಲ್ಲ. ಅತ್ತಿಗೆ ಆ ಬಡಿಗೆಯಿಂದ ನುಗ್ಗೆಕಾಯಿ ಕೊಯ್ಯುತ್ತಿದ್ದರು, ಅಂಗಳಕ್ಕೆ ಬಂದ ದನ ಓಡಿಸುತ್ತಿದ್ದರು, ಬಾವಿಗೆ ಬಿದ್ದ ಹಗ್ಗ ಎತ್ತುತ್ತಿದ್ದರು. ಕೆಲಸ ಮುಗಿದ ಮೇಲೆ ಸೆರಗಿನಿಂದ ಒರೆಸಿ, ದೇವರ ಮೂಲೆಯ ಪಕ್ಕ ನಿಲ್ಲಿಸುತ್ತಿದ್ದರು.

ಅಣ್ಣನಿಗೆ ಭಟ್ಕಳದ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬಿಡಾರ ಆಗುವವರೆಗೆ ಅತ್ತಿಗೆ ನಮ್ಮ ಜೊತೆ ಇರುವುದು, ಅಣ್ಣ ಶನಿವಾರ ಶನಿವಾರ ಬರುವುದು ಎಂದಾಯಿತು. ಮನೆಯಲ್ಲಿ ಅಮ್ಮ, ಅತ್ತಿಗೆ, ನಾನು. ಅಪ್ಪ ಬಹಳ ಹಿಂದೆಯೇ ತೀರಿದ್ದರು. ನಾನು ಆ ವರ್ಷ ಮ್ಯಾಟ್ರಿಕ್ಕಿಗೆ ಕೂತು ಗಣಿತದಲ್ಲಿ ನಪಾಸಾಗಿದ್ದೆ. ಪುಸ್ತಕ ಅಟ್ಟಕ್ಕೆ ಹಾಕಿ, ಮೀನು ದೋಣಿಗೆ ಹೋಗುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತಿಗೆ ಅಟ್ಟದಿಂದ ಪುಸ್ತಕ ಇಳಿಸಿ ಧೂಳು ಕೊಡವಿದರು. ಹುಣಸೆಹಣ್ಣು ಬಿಡಿಸಿ ಉಳಿದ ಬೀಜಗಳನ್ನು ಜಗಲಿಯ ಮೇಲೆ ಚೆಲ್ಲಿ, ಎರಡು ಬೀಜ ದೂರ ದೂರ ಇಟ್ಟರು.

“ಇದು ಗೋಲು. ಎರಡು ಕಂಬ. ನೀ ಇಲ್ಲಿ ನಿಂತಿ. ನಿನ್ನಿಂದ ಎರಡೂ ಕಂಬಕ್ಕ ಗೆರಿ ಎಳಿ.”

ಎಳೆದೆ.

“ಈಗ ಹತ್ರ ಹೋಗಿ ಎಳಿ. ಕೋನ ಏನಾತು?”

“ದೊಡ್ಡ ಆತು.”

“ಬದಿಗಿ ಸರದ್ರ?”

“ಸಣ್ಣ ಆತು.”

“ಮತ್ತ ಇಷ್ಟಕ್ಕ ನಪಾಸಾಗಿ ಬಂದೇನು ಮಾರಾಯಾ?”

ಹೀಗೆ ಇಡೀ ರೇಖಾಗಣಿತವನ್ನು ನಾನು ಹುಣಸೆ ಬೀಜದ ಮೇಲೆ ಕಲಿತೆ. ಲೆಕ್ಕ ತಪ್ಪಿ, ತಲೆಯ ಮೇಲೆ ಕೈಹೊತ್ತು ಕೂತರೆ ಅತ್ತಿಗೆಯ ಒಂದು ಮಾತು ತಯಾರಿರುತ್ತಿತ್ತು. “ತಪ್ಪಿದ ಚೆಂಡಿನ ಹಿಂದ ನೋಡಕೋತ ನಿಂದ್ರಬ್ಯಾಡ ತಮ್ಮಾ. ಓಡು, ತಿರುಗಿ ಓಡು.” ಅವರಿಗೆ ತಮ್ಮಂದಿರಿರಲಿಲ್ಲ. ನನ್ನನ್ನು ಮೊದಲ ದಿನದಿಂದಲೂ ತಮ್ಮಾ ಎಂದೇ ಕರೆದರು.

ಬೀಜ ಹರಡಿದ ಮೇಲೆ ಲೆಕ್ಕ ಮುಗಿದರೂ ಎತ್ತುತ್ತಿರಲಿಲ್ಲ. ಹನ್ನೊಂದು ಈಚೆ, ಹನ್ನೊಂದು ಆಚೆ ಜೋಡಿಸಿ ತಮ್ಮ ಸೀಸನ್ನಿನ ಕಥೆ ಹೇಳುತ್ತಿದ್ದರು. ಮದುವೆಗೆ ಹಿಂದಿನ ವರ್ಷ ಅವರು ರಾಜ್ಯದ ಹೆಂಗಸರ ತಂಡಕ್ಕೆ ಆಯ್ಕೆಯಾಗಿದ್ದರು. ಚಳಿಗಾಲದಲ್ಲಿ ದೇಶದ ಎಲ್ಲ ರಾಜ್ಯಗಳ ತಂಡಗಳು ಒಂದು ಕಡೆ ಸೇರಿ ಆಡುವ ಪಂದ್ಯಾವಳಿ. ಬೊಂಬಾಯಿಯ ಹುಡುಗಿಯರು ಬಿಳಿ ಬೂಟು ಹಾಕಿಕೊಂಡು ಬಂದದ್ದು, ಪಂಜಾಬದ ಹುಡುಗಿಯರು ಆಟಕ್ಕೆ ಮುಂಚೆ ಹಿತ್ತಾಳೆ ಲೋಟದಲ್ಲಿ ಹಾಲು ಕುಡಿದದ್ದು, ಬೆಳಗಿನ ಮಂಜಿನಲ್ಲಿ ಚೆಂಡು ಕಾಣದೆ ಅದರ ಸದ್ದು ಕೇಳಿ ಆಡಿದ್ದು, ನೂರು ಸಲ ಕೇಳಿದ್ದೇನೆ. ಯಾವ ಪಂದ್ಯದಲ್ಲಿ ಯಾರು ಗೋಲು ಹೊಡೆದರು ಎಂಬುದು ನನಗೆ ಬಾಯಿಪಾಠ. ಅಮ್ಮ ಕೂಡ ಒಳಗಿನಿಂದಲೇ, “ಆ ಬೆಳಗಾವಿ ಹುಡುಗಿ ಹಲ್ಲು ಮುರಿದ್ದು ಯಾವ ದಿನ್ವೇ?” ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಸಿಟ್ಟಾಗುತ್ತಿದ್ದಳು.

“ನೀವು ಎಷ್ಟು ಗೋಲು ಹೊಡದ್ರಿ ಅತ್ತಿಗೆ?” ಎಂದು ಒಮ್ಮೆ ಕೇಳಿದೆ.

“ನಾ ಲೆಫ್ಟ್ ಹಾಫ್. ಹಾಫ್ ಅಂದ್ರ ಹೊಸ್ತಲಾ ಇದ್ದಂಗ. ಒಳಗ ಬರೂದನ್ನೂ ಕಾಯಬೇಕು, ಹೊರಗ ಕಳಸೂದನ್ನೂ ನೋಡಬೇಕು.” ಹನ್ನೊಂದರ ಸಾಲಿನ ಹೊರಗೆ ಇನ್ನೊಂದು ಬೀಜ ಇಟ್ಟರು. “ಇದು ನಾನು. ರಿಸರ್ವ್. ಇಡೀ ಸೀಸನ್ ಎಲ್ಲಾರ ಶಾಲು ಕಾದೆ, ಹಾಫ್ ಟೈಮಿಗೆ ಮೋಸಂಬಿ ಹೆಚ್ಚಿದೆ. ಒಮ್ಮೆನೂ ಗೆರಿ ದಾಟಲಿಲ್ಲ ನೋಡಪಾ.”

ಆಮೇಲೆ ಆ ಬೀಜವನ್ನು ಬೆರಳಿನಿಂದ ಮೆಲ್ಲಗೆ ಗೆರೆಯ ತನಕ ತಳ್ಳಿ, ಅಲ್ಲೇ ಬಿಟ್ಟರು.

ಎರಡನೆಯ ಸಲಕ್ಕೆ ನಾನು ಮ್ಯಾಟ್ರಿಕ್ ಪಾಸಾದೆ. ಗಣಿತದಲ್ಲಿ ತರಗತಿಗೇ ಹೆಚ್ಚು ಅಂಕ ಬಂದವರಲ್ಲಿ ನಾನೂ ಒಬ್ಬ. ಆ ಪಾಸಿನಿಂದಲೇ ಹೊಳೆ ದಾಟಿಸುವ ಲಾಂಚಿನ ಕಾಸರಕೋಡು ಧಕ್ಕೆಯಲ್ಲಿ, ಅಂದರೆ ಲಾಂಚು ಬಂದು ನಿಲ್ಲುವ ಕಟ್ಟೆಯಲ್ಲಿ, ಟಿಕೇಟು ಬರೆಯುವ ಕೆಲಸ ಸಿಕ್ಕಿತು.

ಆಗ ಹೊಳೆಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಬಂದವರು ನಮ್ಮ ದಂಡೆಯಲ್ಲಿ ಬಸ್ಸಿಳಿದು, ಲಾಂಚಿನಲ್ಲಿ ಹೊನ್ನಾವರಕ್ಕೆ ದಾಟಿ, ಅಲ್ಲಿ ಬೇರೆ ಬಸ್ಸು ಹಿಡಿಯಬೇಕು. ಹೊನ್ನಾವರದಿಂದ ಕುಮಟೆ ದಾರಿಯಾಗಿ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಬಸ್ಸು ಬೆಳಿಗ್ಗೆ ಒಂದೇ. ಲಾಂಚು ಆಚೆ ಮುಟ್ಟಲು ಅರ್ಧ ಗಂಟೆ, ನೀರಿನ ಇಳಿತದ ವೇಳೆ ಮರಳದಿಬ್ಬ ಸುತ್ತಿ ಹೋದರೆ ಇನ್ನೂ ಹೆಚ್ಚು. ಅದಕ್ಕಾಗಿ ಎರಡೂ ದಂಡೆಯವರು ಒಂದು ಪದ್ಧತಿ ಮಾಡಿಕೊಂಡಿದ್ದರು. ನಮ್ಮ ಧಕ್ಕೆಯಲ್ಲಿ ಗಾಳಿಮರದ ಎತ್ತರದ ಕಂಬ ನೆಟ್ಟಿತ್ತು. ಲಾಂಚಿನಲ್ಲಿ ಘಟ್ಟದ ಬಸ್ಸಿನವರು ಯಾರಾದರೂ ಇದ್ದರೆ ಹೊರಡುವ ಮೊದಲೇ ಟಿಕೇಟಿನವನು ಹಗ್ಗ ಎಳೆದು ಕೆಂಪು ಬಾವುಟ ಏರಿಸಬೇಕು. ಆಚೆಯ ಬಸ್ಸಿನವರು ಅದನ್ನು ನೋಡಿ, ಲಾಂಚು ಬರುವವರೆಗೆ ಬಸ್ಸು ನಿಲ್ಲಿಸುತ್ತಿದ್ದರು. ಬಾವುಟ ಕಾಣದಿದ್ದರೆ ತಮ್ಮ ವೇಳೆಗೆ ಹೊರಟುಬಿಡುತ್ತಿದ್ದರು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೆ ಎಷ್ಟೋ ಜನರ ಆಸ್ಪತ್ರೆ, ಕೋರ್ಟು, ಮದುವೆ, ಸಾವು ಆ ಬಟ್ಟೆಯ ತುಂಡನ್ನು ನಂಬಿಕೊಂಡಿತ್ತು.

ನಾನು ಕೆಲಸಕ್ಕೆ ಸೇರಿದಾಗ ಬಾವುಟ ಹರಿದು ಚಿಂದಿಯಾಗಿತ್ತು. ಅತ್ತಿಗೆ ಅಮ್ಮನ ಹಳೆ ಕೆಂಪು ಸೀರೆಯಿಂದ ಹೊಸದು ಹೊಲಿದುಕೊಟ್ಟರು, ಅಂಚಿಗೆ ಎರಡೆರಡು ಮಡಿಕೆ ಹಾಕಿ. “ನಿನ್ನ ಕೈಯಾಗ ದೊಡ್ಡ ಕೆಲಸ ಐತಿ ತಮ್ಮಾ,” ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಒಂದು ದಿನ ಅವರ ಟ್ರಂಕಿನಲ್ಲಿದ್ದ ತಂಡದ ಫೋಟೋ ಕೇಳಿ ತೆಗೆದುಕೊಂಡು ಧಕ್ಕೆಗೆ ಹೋದೆ. ಅರ್ಧ ತೋಳಿನ ಅಂಗಿ, ಮೊಣಕಾಲಿನವರೆಗಿನ ಲಂಗ ತೊಟ್ಟ ಹುಡುಗಿಯರು ಎರಡು ಸಾಲು. ಹಿಂದಿನ ಸಾಲಿನ ಕೊನೆಯಲ್ಲಿ ಅತ್ತಿಗೆ.

ಲಾಂಚು ನಡೆಸುವ ತಾಂಡೇಲ ವಯಸ್ಸಾದವನು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ. ಅವನು ಫೋಟೋ ದೂರ ಹಿಡಿದು ಬಹಳ ಹೊತ್ತು ನೋಡಿ, “ಒಳ್ಳೆ ಗಟ್ಟಿ ಹುಡ್ಗೀರು,” ಎಂದ. ಅಷ್ಟರಲ್ಲಿ ದಿನಾ ದಾಟುವ ವೀಳ್ಯದೆಲೆ ವ್ಯಾಪಾರಿಯೊಬ್ಬ ಅವನ ಕೈಯಿಂದ ಅದನ್ನು ಎಳೆದುಕೊಂಡ.

“ಯಾರ್ಯಾರೋ ಇವ್ರು? ಓಹೋ, ಇದು ನಿನ್ನ ಅತ್ತಿಗೆ ಅಲ್ದನೋ? ಹುಬ್ಬಳ್ಳಿಲಿ ಸೀರೆ ಸಿಗೂದಿಲ್ಯ? ಮೊಣಕಾಲ ತನಕ ಬಂದದ್ದೇ ಸಾಕಾತ?”

ಫೋಟೋ ಕೈಯಿಂದ ಕೈಗೆ ಹೋಯಿತು. ಲಾಂಚು ಪೂರ್ತಿ ನಕ್ಕಿತು. ನಾನೂ ನಕ್ಕೆ. ಬಾವುಟದ ವಿಷಯ ಆಮೇಲಿನದು. ನಾನು ಮಾಡಿದ ಮೊದಲ ತಪ್ಪು ಆ ನಗು. ಅಂದಿನಿಂದ ಅವನು ನನಗೆ ‘ಹಾಕಿ ಮೈದುನ’ ಎಂದು ಹೆಸರಿಟ್ಟ. ದಿನಕ್ಕೆರಡು ಸಲ ದಾಟುವವನು, ದಿನಕ್ಕೆರಡು ಸಲ ಕರೆಯುತ್ತಿದ್ದ. ನಾನು ಮನೆಗೆ ಬಂದು ಅತ್ತಿಗೆಯ ಹತ್ತಿರ ಮಾತು ಕಡಿಮೆ ಮಾಡಿದೆ. ಬೀಜ ಹರಡಿದರೆ ಎದ್ದು ಹೋಗುತ್ತಿದ್ದೆ. “ಕೆಲಸದಾಗ ದಣದಾನ,” ಎಂದು ಅವರು ಅಮ್ಮನಿಗೆ ಹೇಳುವುದು ಕೇಳುತ್ತಿತ್ತು.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿದ್ದೀತು. ಮಳೆಗಾಲ ಮುಗಿದ ಮೇಲೆ ಅತ್ತಿಗೆಗೆ ಒಂದು ಕಾಗದ ಬಂತು. ಅವರ ಹಳೆಯ ತಂಡದ ನಾಯಕಿ ಬರೆದದ್ದು. ಲೆಫ್ಟ್ ಹಾಫ್ ಆಡುತ್ತಿದ್ದವಳ ಮಂಡಿಗೆ ಪೆಟ್ಟಾಗಿದೆ, ಈ ಸೀಸನ್ನಿಗೆ ನೀನೇ ಆಡಬೇಕು, ರಿಸರ್ವ್ ಅಲ್ಲ, ಎಲ್ಲ ಪಂದ್ಯವೂ ನಿನ್ನದೇ. ತಂಡ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತದೆ, ಇಂಥ ದಿನ ಸಂಜೆ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹತ್ತಿಕೋ.

ಶನಿವಾರ ಅಣ್ಣ ಬಂದ. ಕಾಗದ ಓದಿ, ಮಡಚಿ, “ಹೋಗಿ ಬಾ,” ಎಂದ. ಅಣ್ಣ ಹೆಚ್ಚು ಮಾತಿನವನಲ್ಲ.

ಅಮ್ಮ ಮೂರು ದಿನ ಒಲೆಯ ಹತ್ತಿರವೇ ಗೊಣಗಿದಳು. “ಮದ್ವೆ ಆದ ಹೆಣ್ಣು ಬಡಿಗೆ ಹಿಡ್ಕಂಡು ದೇಶ ತಿರುಗೂದ? ನಾಳೆ ನಾ ಯಾರಿಗೆ ಮುಖ ತೋರ್ಸೂದು?” ಅತ್ತಿಗೆ ತಮ್ಮ ತಯಾರಿ ಬಿಡಲಿಲ್ಲ. ಸಂಜೆ ಇಳಿತವಾದಾಗ ಸಮುದ್ರದ ಅಂಚಿನ ಗಟ್ಟಿ ಮರಳಿನ ಮೇಲೆ ಹೋಗಿ ಓಡುತ್ತಿದ್ದರು. ಸೀರೆ ಕಚ್ಚೆ ಹಾಕಿ, ಬಣ್ಣ ಹೋದ ಹಳೆ ಚೆಂಡು ಮುಂದೆ ಮಾಡಿ, ಕತ್ತಲಾಗುವವರೆಗೆ. ನಾಲ್ಕನೆಯ ದಿನ ಅಮ್ಮ ಸೊಸೆ ಬರುವುದನ್ನೇ ಕಾದು ಕುಳಿತಿದ್ದು, ಒಂದು ಶೀಸೆ ಕೊಬ್ಬರಿ ಎಣ್ಣೆ ಮುಂದಿಟ್ಟಳು. “ಟ್ರಂಕಿಗೆ ಹಾಕು. ಬಿದ್ರೆ ಕಾಲಿಗೆ ತಿಕ್ಕು. ಆ ಊರಲ್ಲಿ ನಮ್ಮ ಎಣ್ಣೆ ಎಲ್ಲಿ ಸಿಗ್ತದೆ.” ಹೊರಡುವ ಹಿಂದಿನ ದಿನ ಚಕ್ಕುಲಿ ಕರಿದಳು, ಹನ್ನೊಂದು ಜನಕ್ಕೆ ಆಗುವಷ್ಟು. “ಹನ್ನೆರಡು ಮಾಡ್ರಿ ಅತ್ತಿ, ರಿಸರ್ವ್ ಹುಡುಗಿ ಇರ್ತಾಳ,” ಎಂದರು ಅತ್ತಿಗೆ. ಅಮ್ಮ ಮತ್ತೆ ಹಿಟ್ಟು ಕಲಸಿದಳು.

ಅಂದರೆ ಎಲ್ಲರೂ ಹೋಗು ಎಂದಿದ್ದರು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಅತ್ತೆ ಬಿಡಲಿಲ್ಲ, ಗಂಡ ಒಪ್ಪಲಿಲ್ಲ, ಕಾಲ ಹಾಗಿತ್ತು ಎಂದು ಹೇಳಲು ನನಗೆ ಅವಕಾಶವಿಲ್ಲ.

ಆ ಬೆಳಿಗ್ಗೆ ಅತ್ತಿಗೆ ಧಕ್ಕೆಗೆ ಬಂದಾಗ ನಾನು ಟಿಕೇಟು ಬರೆಯುತ್ತಿದ್ದೆ. ಹಸಿರು ಸೀರೆ, ತಲೆತುಂಬ ಅಬ್ಬಲಿಗೆ, ಹೆಗಲ ಮೇಲೆ ಕೋಲು. ಈ ಸಲ ಪಂಚೆಯಲ್ಲಿ ಸುತ್ತಿರಲಿಲ್ಲ. ನಾನು ಟಿಕೇಟು ಹರಿದು ಕೊಟ್ಟೆ. “ಹುಬ್ಬಳ್ಳಿ ಬಸ್ ತಮ್ಮಾ,” ಎಂದರು, ನನಗೆ ಗೊತ್ತಿದ್ದರೂ. ಎಲ್ಲ ಪ್ರಯಾಣಿಕರೂ ಹೇಳಬೇಕಾದ ಮಾತು ಅದು, ಅವರೂ ಹೇಳಿದರು. ನಾನು ತಲೆಯಾಡಿಸಿದೆ.

ಲಾಂಚಿನ ಹಲಗೆಯ ಮೇಲೆ ಆಗಲೇ ಕೂತಿದ್ದ ವೀಳ್ಯದೆಲೆಯವನು ಕೂಗಿದ. “ಹಾಕಿ ಮೈದುನಾ, ಎಂತ ನೋಡ್ತೆ? ಏರ್ಸು ಬಾವ್ಟ. ರಾಣಿ ದಂಡೆತ್ತಿ ಹೊರಟದೆ ಕಾಣೂದಿಲ್ಯ?”

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕರು. ಅವರು ಅದನ್ನು ಒಳ್ಳೆಯ ಮಾತೆಂದೇ ತಿಳಿದರು. ಕೋಲನ್ನು ಸ್ವಲ್ಪ ಎತ್ತಿ ತೋರಿಸಿ, ಹಿಂದಿನ ಹಲಗೆಯ ಮೇಲೆ ನಮ್ಮ ದಂಡೆಯ ಕಡೆ ಮುಖಮಾಡಿ ಕೂತರು.

ನನ್ನ ಕಿವಿ ಬಿಸಿಯಾಗಿತ್ತು. ಈಗ ನಾನು ಹಗ್ಗ ಎಳೆದರೆ ಅವನ ಮಾತಿನಂತೆ ಎಳೆದಂತಾಗುತ್ತದೆ, ಮತ್ತೊಮ್ಮೆ ಎಲ್ಲರೂ ನಗುತ್ತಾರೆ ಎನ್ನಿಸಿತು. ಲಾಂಚು ಸ್ವಲ್ಪ ದೂರ ಹೋಗಲಿ, ಆಮೇಲೆ ಏರಿಸೋಣ ಎಂದುಕೊಂಡೆ. ತಾಂಡೇಲ ಚಕ್ರ ಹಿಡಿದು ಆಚೆ ದಂಡೆಯನ್ನೇ ನೋಡುತ್ತಾ, ದಿನಾ ಕೇಳುವಂತೆ ಕೇಳಿದ.

“ಬಾವ್ಟ?”

“ಆತು,” ಎಂದೆ.

ಲಾಂಚು ಹೊರಟಿತು. ಬಾವುಟ ನನ್ನ ಕೈಯಲ್ಲೇ ಇತ್ತು, ನಾಲ್ಕಾಗಿ ಮಡಚಿದ್ದು. ಅತ್ತಿಗೆ ಕೈಬೀಸಲು ಕೈ ಎತ್ತಿದರು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಅವರು ನೋಡುತ್ತಿದ್ದುದು ನನ್ನನ್ನಲ್ಲ, ನನ್ನ ತಲೆಯ ಮೇಲಿದ್ದ ಬರಿಯ ಕಂಬವನ್ನು. ಆಮೇಲೆ ನನ್ನ ಮುಖ ನೋಡಿದರು. ಕೂಗಬಹುದಿತ್ತು. ಪಕ್ಕದವರಿಗೆ ಹೇಳಿದ್ದರೆ ತಾಂಡೇಲ ಲಾಂಚು ತಿರುಗಿಸುತ್ತಿದ್ದ. ಕೂಗಲಿಲ್ಲ. ನಾನು ಏರಿಸುತ್ತೇನೆ ಎಂದೇ ನಂಬಿದ್ದರೋ ಏನೋ, ಕಾಣುವಷ್ಟು ದೂರವೂ ಹಾಗೆಯೇ ನೋಡುತ್ತ ಕೂತಿದ್ದರು.

ಏರಿಸಲು ಅರ್ಧ ಗಂಟೆ ಇತ್ತು. ಅವರು ನೋಡಿಬಿಟ್ಟರು, ಈಗ ಏರಿಸಿದರೆ ಮೊದಲು ಏರಿಸಿರಲಿಲ್ಲ ಎಂದು ಒಪ್ಪಿಕೊಂಡಂತೆ ಎಂದು ಮನಸ್ಸು ಹೇಳಿತು. ಅದು ನೆಪ. ಏರಿಸಬಾರದೆಂದೇ ನಾನು ಏರಿಸಲಿಲ್ಲ. ದಂಡೆಯ ಗಾಳಿಮರಗಳು ಒಂದೇ ಸಮ ಶಬ್ದ ಮಾಡುತ್ತಿದ್ದವು. ಆಚೆ ದಂಡೆಯಿಂದ ಬಸ್ಸಿನ ಹಾರನ್ನು ಎರಡು ಸಲ ಕೇಳಿತು. ಲಾಂಚು ಇನ್ನೂ ದಿಬ್ಬದ ಹತ್ತಿರವಿತ್ತು.

ಉಳಿದದ್ದು ಅತ್ತಿಗೆ ಅಮ್ಮನಿಗೆ ಹೇಳಿ ನನಗೆ ಗೊತ್ತಾದದ್ದು. ಹುಬ್ಬಳ್ಳಿ ಬಸ್ಸು ಕುಮಟೆಯಲ್ಲಿ ಚಹಾಕ್ಕೆ ನಿಲ್ಲುತ್ತದೆ, ಅಲ್ಲಾದರೂ ಹಿಡಿಯೋಣ ಎಂದು ಅವರು ಅದರ ಹಿಂದೆ ಹೊರಟ ಕುಮಟೆ ಬಸ್ಸು ಹತ್ತಿದರು. ಹಳದೀಪುರದ ಹತ್ತಿರ ಮುಂದಿನ ಬಸ್ಸಿನ ಧೂಳು ಕಾಣುತ್ತಿತ್ತಂತೆ. ಅಲ್ಲಿ ಯಾರೋ ತೆಂಗಿನಕಾಯಿ ಮೂಟೆಗಳನ್ನು ಟಾಪಿಗೆ ಏರಿಸತೊಡಗಿದರು. ಅತ್ತಿಗೆ ಕೆಳಗಿಳಿದು ಮೂಟೆಗೆ ತಾವೂ ಕೈಕೊಟ್ಟರು, ಬೇಗ ಮುಗಿಯಲಿ ಎಂದು. ಕುಮಟೆ ಮುಟ್ಟಿದಾಗ ಹುಬ್ಬಳ್ಳಿ ಬಸ್ಸು ಹೋಗಿ ಹತ್ತು ನಿಮಿಷ ಆಗಿತ್ತು. ಕುಮಟೆಯಿಂದ ಹುಬ್ಬಳ್ಳಿಗೆ ಇನ್ನೊಂದು ಬಸ್ಸು ಇತ್ತು, ಆದರೆ ಅದು ಮುಟ್ಟುವುದು ರೈಲು ಹೋದ ಮೇಲೆ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದು ತಿರುಗಿದರು.

ಸಂಜೆಯ ಲಾಂಚಿನಿಂದ ಇಳಿದವರ ಟಿಕೇಟು ತೆಗೆದುಕೊಳ್ಳುವುದು ನನ್ನ ಕೆಲಸ. ಎಲ್ಲರೂ ಇಳಿದ ಮೇಲೆ ಅತ್ತಿಗೆ ಇಳಿದರು. ಟಿಕೇಟು ನನ್ನ ಕೈಗೆ ಕೊಟ್ಟರು. ಅಂಗೈಯಲ್ಲಿ ಮೂಟೆಯ ಹಗ್ಗ ಎಳೆದ ಗೆರೆ ಕೆಂಪಗಿತ್ತು.

“ಗಾಳಿ ಇರಲಿಲ್ಲ ಅನಸ್ತದ ತಮ್ಮಾ,” ಎಂದರು. “ಬಾವುಟ ಹಾರಿರಲಿಕ್ಕಿಲ್ಲ. ಹಂಗಾಗಿ ಅವ್ರಿಗೆ ಕಾಣಲಿಲ್ಲ.”

“ಹೌದು ಅತ್ತಿಗೆ. ಗಾಳಿ ಇರ್ಲಿಲ್ಲ,” ಎಂದೆ.

ಮನೆಯಲ್ಲಿ ಅಮ್ಮನಿಗೂ ಅದನ್ನೇ ಹೇಳಿದರು. ಅಮ್ಮ ನಂಬಲಿಲ್ಲ. “ಗಾಳಿ ಇರ್ಲಿಲ್ಯ? ಬೆಳಿಗ್ಗೆ ಒಲೆ ಹೊಗೆ ಎಲ್ಲ ನನ್ನ ಮುಖಕ್ಕೇ ಬಂತಲ್ಲೇ.”

“ಹೊಳಿ ಮ್ಯಾಲೆ ಇರಲಿಲ್ರಿ ಅತ್ತಿ.”

ಅಮ್ಮ ನನ್ನ ಕಡೆ ನೋಡಿದಳು. ನಾನು ಕೈಕಾಲು ತೊಳೆಯಲು ಬಾವಿಗೆ ಹೋದೆ. ಚಕ್ಕುಲಿ ಡಬ್ಬಿ ಬಹಳ ದಿನ ಅಟ್ಟದ ಮೇಲಿತ್ತು, ಯಾರೂ ತಿನ್ನಲಿಲ್ಲ.

ಎರಡು ದಿನ ಬಿಟ್ಟು ಅತ್ತಿಗೆ ಒಂದು ಕಾರ್ಡು ಬರೆದು, ಪೋಸ್ಟಿಗೆ ಹಾಕು ಎಂದು ನನ್ನ ಕೈಗೇ ಕೊಟ್ಟರು. ತಂಡದ ನಾಯಕಿಗೆ. ಕಾರ್ಡು ತೆರೆದ ಕಾಗದ, ದಾರಿಯಲ್ಲಿ ಓದಿದೆ. ನಾಲ್ಕೇ ಸಾಲು. ‘ಹೊಳೆ ದಾಟುವುದು ತಡವಾಯಿತು. ಬಸ್ಸು ತಪ್ಪಿತು. ಯಾರ ತಪ್ಪೂ ಅಲ್ಲ. ನಿನಗೆ ಕಷ್ಟ ಕೊಟ್ಟೆ.’ ನಾನು ಓದುತ್ತೇನೆಂದು ಅವರಿಗೆ ಗೊತ್ತಿತ್ತು. ಆ ಮೂರನೆಯ ಸಾಲು ನಾಯಕಿಗೆ ಬರೆದದ್ದಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಉತ್ತರ ಬರಲಿಲ್ಲ. ಹೇಳಿದ ದಿನ ಬಾರದವಳನ್ನು ಅವರು ಮತ್ತೆ ಕರೆಯಲೂ ಇಲ್ಲ. ಪಂದ್ಯಾವಳಿ ನಡೆಯುತ್ತಿದ್ದಾಗ ಹುಬ್ಬಳ್ಳಿಯ ಪತ್ರಿಕೆಯ ಕಟ್ಟು ಲಾಂಚಿನಲ್ಲೇ ಈಚೆ ಬರುತ್ತಿತ್ತು. ಒಂದು ದಿನ ನಮ್ಮ ತಂಡ ಗೆದ್ದ ಸುದ್ದಿ, ಕೆಳಗೆ ಆಡಿದ ಹನ್ನೊಂದು ಹೆಸರು. ಬಚ್ಚಿಡಬೇಕೆಂದಿದ್ದೆ, ಆದರೆ ಅವರು ಧಕ್ಕೆಯ ಅಂಗಡಿಯಲ್ಲಿ ಓದಿಕೊಂಡೇ ಬಂದಿದ್ದರು. “ಆ ರಿಸರ್ವ್ ಹುಡುಗಿಗೆ ಆಡಾಕ ಸಿಕ್ತು ನೋಡ್ರಿ ಅತ್ತಿ. ಪಾಪ, ಸಣ್ಣಾಕಿ, ಛಲೋ ಆತು,” ಎಂದು ಅಮ್ಮನಿಗೆ ಹೇಳುತ್ತಿದ್ದರು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಜಗಲಿಯ ಮೇಲೆ ಹುಣಸೆ ಬೀಜ ಅವರು ಮತ್ತೆ ಹರಡಲಿಲ್ಲ.

ಮರುವರ್ಷ ಅಣ್ಣ ಭಟ್ಕಳದಲ್ಲಿ ಬಿಡಾರ ಮಾಡಿದ. ನನಗೆ ಕುಮಟೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಹಬ್ಬಕ್ಕೆ ಹೋಗಿಬರುವುದು, ಕಾಗದ ಬರೆಯುವುದು ಇತ್ತು. ಒಮ್ಮೆ ಭಟ್ಕಳಕ್ಕೆ ಹೋದಾಗ ಅತ್ತಿಗೆ ಮನೆಯಲ್ಲಿರಲಿಲ್ಲ. “ತೆಂಗಿನಗುಂಡಿ ಸಮುದ್ರದಂಡೇಲಿ ಇರ್ತಳೆ, ಹೋಗು,” ಎಂದ ಅಣ್ಣ. ಹೋಗಿ ನೋಡಿದರೆ ಸಮುದ್ರ ಇಳಿದ ಗಟ್ಟಿ ಮರಳಿನ ಮೇಲೆ ಮೀನುಗಾರರ ಹುಡುಗಿಯರು ಹದಿಮೂರು ಜನ, ಕೈಯಲ್ಲಿ ತುದಿ ಬಾಗಿದ ತೆಂಗಿನ ಮಡಲಿನ ದಂಟು, ನಾರು ಸುತ್ತಿ ಮಾಡಿದ ಚೆಂಡು. ಆರು ಜನ ಒಂದು ಕಡೆ, ಏಳು ಜನ ಇನ್ನೊಂದು ಕಡೆ. ಆರು ಇದ್ದ ಕಡೆ ಏಳನೆಯವರಾಗಿ ಅತ್ತಿಗೆ, ಕಚ್ಚೆ ಹಾಕಿ.

“ಯಾರ್ನೂ ಹೊರಗ ಕುಂದ್ರಸಂಗಿಲ್ಲ ಇಲ್ಲಿ,” ಎಂದರು ಏದುಸಿರು ಬಿಡುತ್ತ. “ಬಾ ತಮ್ಮಾ, ಗೋಲ್ ಕಾಯಾಕ ನಿಂದ್ರು.”

ನಿಂತೆ. ಆಟ ಮುಗಿದ ಮೇಲೆ ಅವರು ದೋಣಿಯ ನೆರಳಿನಲ್ಲಿ ಕೂತು ಹುಡುಗಿಯರಿಗೆ ಸೌತೆಕಾಯಿ ಹೆಚ್ಚಿ ಹಂಚಿದರು. ನನಗೂ ಒಂದು ಹೋಳು. ಹುಡುಗಿಯರು ಓಡಿಹೋದರು. ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಒಳ್ಳೆಯ ಜಾಗ, ವೇಳೆ ನನಗೆ ಸಿಗುತ್ತಿರಲಿಲ್ಲ. ಅವರೂ ಚಾಕು ಒರೆಸುತ್ತ ಕಾದಂತೆ ಕಂಡಿತು. “ಅತ್ತಿಗೆ,” ಎಂದೆ. “ಏನಪಾ,” ಎಂದರು. “ಸೌತೆಕಾಯಿ ಸಿಹಿ ಇದೆ,” ಎಂದೆ.

ಆಮೇಲೆ ಎಷ್ಟೋ ವರ್ಷ. ಅಮ್ಮ ಹೋದಳು. ಹೊಳೆಗೆ ಸೇತುವೆ ಬಂತು, ಲಾಂಚು ನಿಂತಿತು, ಧಕ್ಕೆಯ ಕಂಬ ಯಾವುದೋ ಮಳೆಗಾಲದಲ್ಲಿ ಬಿದ್ದುಹೋಯಿತು. ಒಂದು ಬೇಸಿಗೆಯಲ್ಲಿ ಅಣ್ಣನ ಕಾಗದ ಬಂತು. ಅತ್ತಿಗೆಗೆ ಹೊಟ್ಟೆಯ ಕಾಯಿಲೆ, ವೈದ್ಯರು ಕೈಬಿಟ್ಟಿದ್ದಾರೆ, ನಿನ್ನನ್ನು ಕೇಳುತ್ತಾಳೆ, ಬಂದು ಹೋಗು. ಕಾಗದ ಕಿಸೆಯಲ್ಲಿಟ್ಟುಕೊಂಡೆ. ಶನಿವಾರ ಹೋಗೋಣ ಎಂದುಕೊಂಡೆ. ಶನಿವಾರ ಬಂತು, ಕಚೇರಿಯ ಕೆಲಸ ಎಂದೆ. ಹೋದರೆ ಹೇಳಬೇಕಾಗುತ್ತದೆ ಎಂಬ ಹೆದರಿಕೆ. ಎಂಟು ದಿನ ಹೀಗೆ ಕಳೆದು ಒಂಬತ್ತನೆಯ ದಿನ ಹೊರಟೆ. ಕುಮಟೆಯಿಂದ ಭಟ್ಕಳಕ್ಕೆ ಆಗ ಬಸ್ಸಿನ ಮೇಲೆ ಬಸ್ಸು. ಸೇತುವೆಯ ಮೇಲೆ ಹೊಳೆ ದಾಟಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮನೆಯ ಅಂಗಳದಲ್ಲಿ ತೆಂಗಿನಗುಂಡಿಯ ಆ ಹುಡುಗಿಯರು ನಿಂತಿದ್ದರು. ಕೆಲವರು ಆಗಲೇ ಕೈಗೂಸಿನ ತಾಯಂದಿರು. ಹಿಂದಿನ ಸಂಜೆಯೇ ಎಲ್ಲ ಮುಗಿದಿತ್ತು. ಅವರಲ್ಲೊಬ್ಬಳ ಕೈಯಲ್ಲಿ ಆ ಕೋಲಿತ್ತು. ಅವಳಿಗೇ ಕೊಡಬೇಕೆಂದು ಅತ್ತಿಗೆ ಹೇಳಿಹೋಗಿದ್ದರಂತೆ.

ಅಣ್ಣ ನನ್ನನ್ನು ಬೈಯಲಿಲ್ಲ. ಪಕ್ಕ ಕೂರಿಸಿಕೊಂಡು ಹೇಳಿದ. “ದಿನಾ ಕೇಳ್ತಿದ್ಲು, ತಮ್ಮ ಬಂದ್ನ ಅಂತ. ಇಲ್ಲ ಅಂದ್ರೆ, ಪಾಪ, ಬಸ್ ಸಿಕ್ಕಿರಲಿಕ್ಕಿಲ್ಲ ಬಿಡ್ರಿ, ಅಂತಿದ್ಲು.”

ತಪ್ಪಿದ ಚೆಂಡಿನ ಹಿಂದೆ ನೋಡುತ್ತ ನಿಲ್ಲಬೇಡ, ತಿರುಗಿ ಓಡು ಎಂದು ಕಲಿಸಿದವರು ಅವರು. ಗಣಿತ ಕಲಿತೆ, ಅದರಿಂದ ಜೀವಮಾನವಿಡೀ ಅನ್ನ ಉಂಡೆ. ಓಡುವುದನ್ನು ಮಾತ್ರ ಕಲಿಯಲಿಲ್ಲ. ಆ ದಂಡೆಯ ಮೇಲೆ ಕೈಯಲ್ಲಿ ಮಡಚಿದ ಬಟ್ಟೆ ಹಿಡಿದುಕೊಂಡು ಇಷ್ಟು ವರ್ಷವೂ ನಿಂತೇ ಇದ್ದೇನೆ.

ಇಲ್ಲಿ ಅವರ ಹೆಸರು ಬರೆದಿಲ್ಲ. ಆ ಚಳಿಗಾಲದಲ್ಲಿ ಪತ್ರಿಕೆಯ ಆ ಹನ್ನೊಂದು ಹೆಸರುಗಳಲ್ಲಿ ಒಂದಾಗಿ ಅಚ್ಚಾಗಬೇಕಿದ್ದ ಹೆಸರು ಅದು. ಅಲ್ಲಿ ಅಚ್ಚಾಗದಂತೆ ಮಾಡಿದ ಕೈಯಿಂದ ಇಲ್ಲಿ ಬರೆಯುವುದು ಸರಿಯಲ್ಲ. ಕರೆಯಲು ನನಗೆ ಉಳಿದಿರುವುದು ಒಂದೇ ಹೆಸರು.

ನೀವು ಕೇಳುತ್ತಿದ್ದ ದಿನಗಳಲ್ಲಿ ಭಟ್ಕಳಕ್ಕೆ ಬಸ್ಸು ಇತ್ತು. ನೀವು ಹೊರಟ ಆ ಬೆಳಿಗ್ಗೆ ಹೊಳೆಯ ಮೇಲೆ ಗಾಳಿಯೂ ಇತ್ತು, ಬೇಕಾದಷ್ಟು ಇತ್ತು. ಬಾವುಟ ನಾನೇ ಏರಿಸಲಿಲ್ಲ, ಅತ್ತಿಗೆ.